ಕಿಟಕಿಯ ಕೆಂಪು ಗಡಿಯಾರ

ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಕಪಾಟು ಎತ್ತುವಾಗ, ಮೆಟ್ಟಿಲು ತಿರುಗುವಾಗ, ಗಾಜು ಇಳಿಸುವಾಗ ‘ಜೋಪಾನ, ಜೋಪಾನ’ ಎಂದು ಆಳುಗಳ ಬೆನ್ನು ಹತ್ತುತ್ತಿದ್ದುದರಿಂದ ಅವನ ಹೆಸರೇ ಜೋಪಾನಣ್ಣ ಎಂದಾಗಿಹೋಗಿತ್ತು. ಹೆತ್ತವರು ಇಟ್ಟ ಹೆಸರು ಹೆಂಡತಿಗೂ ಬ್ಯಾಂಕಿಗೂ ಮಾತ್ರ ಗೊತ್ತು. ಹೆಂಡತಿ ಕೂಡ ಸಿಟ್ಟು ಬಂದಾಗಷ್ಟೇ ಅದನ್ನು ಹೊರಗೆ ತೆಗೆಯುತ್ತಿದ್ದಳು.

ಕೆಲಸಕ್ಕೆ ಅವನದೇ ಕಾಯಿದೆಗಳಿದ್ದವು. ಒಂದು ಲೋಟ ಮುಟ್ಟುವ ಮೊದಲು ಕೋಣೆಕೋಣೆಯ ಫೋಟೋ ಫೋನಿನಲ್ಲಿ ತೆಗೆಯಬೇಕು. ಹೊಸ ಮನೆಯಲ್ಲಿ ಅದನ್ನೇ ನೋಡಿಕೊಂಡು ಉಪ್ಪಿನ ಡಬ್ಬದ ಪಕ್ಕ ಸಕ್ಕರೆ ಡಬ್ಬ ಇದ್ದರೆ ಹಾಗೇ ಇಡಬೇಕು. ಮನೆಯವರು ಸರಿ ಎಂದು ತಲೆಯಾಡಿಸಿದ ಕೂಡಲೇ ಅವರೆದುರಿಗೇ ಎಲ್ಲ ಫೋಟೋ ಅಳಿಸಬೇಕು. ಪರರ ಮಲಗುವ ಕೋಣೆ ತನ್ನ ಜೇಬಿನಲ್ಲಿ ಓಡಾಡುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಇನ್ನೊಂದು ಕಾಯಿದೆ ಎಂದರೆ, ಖಾಲಿ ಪಾತ್ರೆ ಗಾಳಿ ಹೊತ್ತು ಪ್ರಯಾಣ ಮಾಡಬಾರದು. ಸಣ್ಣದನ್ನು ಕಾಗದದಲ್ಲಿ ಸುತ್ತಿ ದೊಡ್ಡದರ ಹೊಟ್ಟೆಗೆ ಹಾಕಿದರೆ ಎರಡೂ ಕ್ಷೇಮ, ಲಾರಿಯಲ್ಲಿ ಜಾಗವೂ ಉಳಿಯುತ್ತದೆ.

‘ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ಚಮಚವೂ ಕಳೆದಿಲ್ಲ’ ಎಂದು ಅವನು ಕಂಡಕಂಡವರಿಗೆ ಹೇಳುತ್ತಿದ್ದ. ಬಹುಮಟ್ಟಿಗೆ ಅದು ನಿಜವೂ ಆಗಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿಗೆ ಬಹುಮಟ್ಟಿಗೆ ಎಂಬ ಮಾತು ಎಲ್ಲಿ ಸಾಕಾಗುತ್ತದೆ?

ಅವನ ಫೋನು ಬಹಳ ದಿನಗಳಿಂದ ಅಪ್‌ಡೇಟ್ ಮಾಡು ಎಂದು ಗೋಗರೆಯುತ್ತಿತ್ತು. ಒಂದು ಬೆಳಿಗ್ಗೆ ಕಾಟ ತಾಳಲಾರದೆ ಒತ್ತಿದ. ಸ್ವಲ್ಪ ಹೊತ್ತಾದ ಮೇಲೆ, ತಂಗಿಗೆ ಕರೆ ಮಾಡಲು ಅದನ್ನು ಎತ್ತಿಕೊಂಡ ಹೆಂಡತಿ ಹುಬ್ಬೇರಿಸಿದಳು.

“ಇದು ಯಾರ ಮನೆ ಮಂಚ?”

“ಯಾರದೋ.”

“ಇದು?”

“ಅದೂ ಯಾರದೋ.”

“ಯಾರದೋ ಯಾರದೋ ಅಂತ ಎಷ್ಟು ಮಂಚ ರೀ ನಿಮ್ಮದು?”

ಅವನು ಇಣುಕಿ ನೋಡಿದ. ತಾನೇ ಅಳಿಸಿದ್ದ ಮನೆಗಳೆಲ್ಲ ಸಾಲುಗಟ್ಟಿ ವಾಪಸ್ ಬಂದಿದ್ದವು. ಬೀದಿಯ ತುದಿಯ ಮೊಬೈಲ್ ರಿಪೇರಿಯವನನ್ನು ಕೇಳಿದರೆ ಅವನು ತಲೆಯೆತ್ತದೆ, “ನೀವು ಅಳಿಸಿದ್ದು ಒಳಗೆಲ್ಲೋ ಕೂತಿತ್ತು ಅಣ್ಣ, ಅಪ್‌ಡೇಟ್ ಎಬ್ಬಿಸಿದೆ. ಇನ್ನೊಂದು ಸಲ ಅಳಿಸಿಬಿಡಿ” ಎಂದ.

ಮನೆಗೆ ಬಂದು ಅಳಿಸಲು ಕುಳಿತ. ನಾಲ್ಕಾರು ಮನೆ ಹೋಗುವಷ್ಟರಲ್ಲಿ ಹೆಬ್ಬೆರಳು ನಿಂತಿತು. ಒಂದು ಅಡುಗೆಮನೆ. ಕಿಟಕಿಯ ಮೇಲೆ ಒಂದು ಕೆಂಪು ಅಲಾರಂ ಗಡಿಯಾರ.

ಆ ಮನೆಯ ಅಜ್ಜಿ ಅವನಿಗೆ ಚೆನ್ನಾಗಿ ನೆನಪಿದ್ದರು. ನರ್ಸ್ ಆಗಿದ್ದವರು, ಮಗ ಸೊಸೆಯ ಜೊತೆ ಹೊಸ ಮನೆಗೆ ಬಂದಿದ್ದರು. ಆಫೀಸಿಗೆ ತಡವಾಯಿತೆಂದು ಮಗ ಎಲ್ಲದಕ್ಕೂ ಗಡಿಬಿಡಿಯಲ್ಲಿ ತಲೆಯಾಡಿಸಿದ್ದ, ಜೋಪಾನಣ್ಣ ಫೋಟೋ ಅಳಿಸಿದ್ದ. ಆಮೇಲೆ ಅಜ್ಜಿ ಬಂದು ಕೇಳಿದ್ದರು, “ನನ್ನ ಕೆಂಪು ಗಡಿಯಾರ ಎಲ್ಲಪ್ಪ? ಕಿಟಕಿ ಮೇಲಿತ್ತಲ್ಲ, ನನ್ನ ಡ್ಯೂಟಿಗೆ ಎಬ್ಬಿಸ್ತಿತ್ತು.” ಮಗ ಸೊಸೆ ಅದನ್ನು ಗಮನಿಸಿದವರೇ ಅಲ್ಲ. ದಿನಾ ಕಣ್ಣಿಗೆ ಬೀಳುವುದನ್ನು ಯಾರು ನೋಡುತ್ತಾರೆ? ಆಗ ಜೋಪಾನಣ್ಣ ಎದೆಯುಬ್ಬಿಸಿ ಹೇಳಿದ್ದ, “ಆ ಕಿಟಕೀಲಿ ಗಡಿಯಾರ ಇರಲೇ ಇಲ್ಲ ಅಮ್ಮ. ನನ್ನ ಕಣ್ಣೇ ಕ್ಯಾಮೆರಾ.”

ಮಗ ಸೊಸೆ ಮುಖಮುಖ ನೋಡಿಕೊಂಡಿದ್ದರು. ಮುಂದೊಂದು ದಿನ ಅದೇ ಮನೆಗೆ ಪುಸ್ತಕದ ಕಪಾಟು ತಲುಪಿಸಲು ಹೋದಾಗ ಸೊಸೆ ದನಿ ತಗ್ಗಿಸಿ, “ಅತ್ತೇನ ಒಲೆ ಹತ್ರ ಬಿಡ್ತಿಲ್ಲ. ಇಲ್ಲದ ಗಡಿಯಾರ ಇತ್ತು ಅಂದೋರು, ನಾಳೆ ಹಚ್ಚಿದ ಗ್ಯಾಸ್ ಹಚ್ಚೇ ಇಲ್ಲ ಅಂದ್ರೆ ಏನು ಗತಿ?” ಎಂದಿದ್ದಳು. ಅವಳದು ಕೆಟ್ಟ ಮನಸ್ಸಲ್ಲ, ಹೆದರಿಕೆ. ಅದಕ್ಕೂ ಇವನು ಹೌದೌದು ಎಂದು ತಲೆಯಾಡಿಸಿ ಬಂದಿದ್ದ.

ಈಗ ಅವನಿಗೆ ನಾಚಿಕೆಯಾಯಿತು. ಒಂದು ಚಮಚವನ್ನೂ ಕಳೆಯದವನು ಒಬ್ಬ ಹೆಂಗಸಿನ ಬುದ್ಧಿಯ ಮೇಲಿನ ನಂಬಿಕೆಯನ್ನೇ ಕಳೆದು ಬಂದಿದ್ದ.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಈಗ ಹೋಗಿ ಏನು ಮಾಡ್ತೀರಿ?” ಎಂದಳು ವಿಷಯ ಕೇಳಿದ ಹೆಂಡತಿ.

“ಮುತ್ತಿನ ವಿಷಯ ನಂಗೊತ್ತಿಲ್ಲ. ಮಾತು ನಂದು. ನಾನೇ ಹೋಗಿ ವಾಪಸ್ ತಗೊಂಡು ಬರ್ತೀನಿ” ಎಂದು ಚಪ್ಪಲಿ ಮೆಟ್ಟಿದ.

ರಜೆಯ ದಿನ, ಮನೆಮಂದಿಯೆಲ್ಲ ಇದ್ದರು. ಅಜ್ಜಿ ನಡುಮನೆಯಲ್ಲಿ ಬಟಾಣಿ ಸುಲಿಯುತ್ತ ಕುಳಿತಿದ್ದರು. ಬೆಂಕಿಯ ಗೊಡವೆಯಿಲ್ಲದ ಕೆಲಸಗಳಷ್ಟೇ ಅವರ ಪಾಲಿಗೆ ಉಳಿದಿದ್ದವು. ಜೋಪಾನಣ್ಣ ನೇರ ಅವರ ಮುಂದೆಯೇ ನಿಂತ.

“ಅಮ್ಮಾ, ನಿಮ್ಮ ಆ ಗಡಿಯಾರ ಯಾವ ಬಣ್ಣದ್ದು?”

ಅಜ್ಜಿ ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು. “ಯಾವ ಗಡಿಯಾರಪ್ಪ? ಅಂಥದ್ದೇನೂ ಇರ್ಲಿಲ್ಲ. ನನಗೇ ಏನೋ ಭ್ರಮೆ” ಎಂದು ಮತ್ತೆ ಬಟಾಣಿಗೆ ಕೈ ಹಾಕಿದರು.

ಜೋಪಾನಣ್ಣ ಬೈಗುಳ ತಿನ್ನಲು ತಯಾರಾಗಿ ಬಂದಿದ್ದ. ಇದಕ್ಕೆ ತಯಾರಿರಲಿಲ್ಲ. ಆ ಅಡುಗೆಮನೆಯ ಫೋಟೋ ತೆರೆದು ಫೋನನ್ನು ಮಗನ ಕೈಗಿಟ್ಟ. ಮಗ ಬೆರಳಿಂದ ಚಿತ್ರ ಹಿಗ್ಗಿಸಿ ನೋಡಿದ, ಸೊಸೆ ಭುಜದ ಹಿಂದಿನಿಂದ ನೋಡಿದಳು.

ಕೊನೆಗೆ ಮಗ ಕೇಳಿದ, “ಹಾಗಾದ್ರೆ ಎಲ್ಲಿ ಹೋಯ್ತು?” ಪ್ರಶ್ನೆಯಲ್ಲಿ ಸಣ್ಣದೊಂದು ಅನುಮಾನವೂ ಇತ್ತು.

“ಎಲ್ಲೂ ಹೋಗಿಲ್ಲ ಸಾರ್. ಈ ಮನೆಗೆ ಬಂದ ಮೇಲೆ ದೊಡ್ಡ ಕುಕ್ಕರ್ ಇಳಿಸಿದೀರಾ?”

“ಇಲ್ಲ. ನೆಂಟರು ಬಂದಾಗಷ್ಟೇ ಅದು” ಎಂದಳು ಸೊಸೆ.

ಫೋಟೋದಲ್ಲಿ ಗಡಿಯಾರದ ಕೆಳಗೇ, ಕಟ್ಟೆಯ ಮೇಲೆ ಆ ಕುಕ್ಕರ್ ಇತ್ತು. ತನ್ನ ಕೈಯ ಅಭ್ಯಾಸ ತನಗೆ ಗೊತ್ತಿಲ್ಲವೇ? ಸ್ಟೂಲು ಎಳೆದುಕೊಂಡು ನಡುಮನೆಯ ಅಟ್ಟಕ್ಕೆ ಕೈ ಹಾಕಿ, ತನಗೆ ತಾನೇ ಜೋಪಾನ ಹೇಳಿಕೊಂಡು ಇಳಿಸಿದ. ಮುಚ್ಚಳ ತೆಗೆದರೆ ಒಳಗೆ ಹಳೆ ಪೇಪರಿನ ಉಂಡೆ, ಉಂಡೆಯೊಳಗೆ ಕೆಂಪು ಗಡಿಯಾರ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇಲ್ಲಿ ಹುಡುಕಲೂ ಬಿಡದೆ ಕೂಸೇ ಹುಟ್ಟಿಲ್ಲ ಎಂದು ಸಾರಿದವನು ಇವನು.

ಅವತ್ತು ಎಷ್ಟು ಗಟ್ಟಿಯಾಗಿ ಹೇಳಿದ್ದನೋ ಇವತ್ತೂ ಅಷ್ಟೇ ಗಟ್ಟಿಯಾಗಿ ಹೇಳಿದ, “ಕುಕ್ಕರ್ ಬಂತಾ ಅಂತ ನೋಡಿದೆ, ಅದರ ಹೊಟ್ಟೇಲಿ ನಾನೇ ಇಟ್ಟಿದ್ದನ್ನ ಮರೆತೆ. ಮರೆವು ನಂದು. ಅಮ್ಮ ಹೇಳಿದ್ದು ಅವತ್ತೂ ಸರಿ, ಇವತ್ತೂ ಸರಿ.”

ಅಜ್ಜಿ ಗಡಿಯಾರ ಕೈಗೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ಹಿಂದಿನ ಕೀ ತಿರುಗಿಸಿ ಕಿವಿಗೆ ಹಿಡಿದು ಕೇಳಿದರು. ಮುಖದ ಮೇಲೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎದ್ದು ಅಡುಗೆಮನೆಗೆ ನಡೆದು ಅದನ್ನು ಕಿಟಕಿಯ ಮೇಲಿಟ್ಟರು. ಎಲ್ಲರೂ ಅವರ ಹಿಂದೆಯೇ ಹೋದರು.

“ಅಮ್ಮ, ನಾವು...” ಎಂದು ಮಗ ಶುರುಮಾಡಿದ.

“ಇರಲಿ ಬಿಡೋ. ಹಾಲು ಎಲ್ಲಿಡ್ತೀರಿ ಈಗ?” ಎಂದರು ಅಜ್ಜಿ. “ಬಂದೋರಿಗೆ ಟೀ ಕೊಡ್ಬೇಕು.”

ಸ್ವಂತ ಮನೆಯಲ್ಲಿ ಹಾಲಿನ ಜಾಗ ಕೇಳುವಂತಾಗಿತ್ತು. ಸೊಸೆ ಹಾಲು ತೆಗೆದು ತಾನೇ ಒಲೆಯತ್ತ ಹೊರಟವಳು ನಿಂತಳು. ಮೇಲಿನ ಗೂಡಿನಲ್ಲಿ ಬಚ್ಚಿಟ್ಟಿದ್ದ ಲೈಟರ್ ತಂದು ಅತ್ತೆಯ ಕೈಗಿಟ್ಟಳು.

ಅಜ್ಜಿ ಗ್ಯಾಸ್ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದವನ ನಾಲಿಗೆಯ ತುದಿಗೆ ‘ಜೋಪಾನ’ ಎಂಬ ಆ ಹಳೆಯ ಮಾತು ತಾನಾಗಿಯೇ ಬಂದು ಕುಳಿತಿತು. ಜೀವಮಾನದಲ್ಲಿ ಮೊದಲ ಸಲ ಜೋಪಾನಣ್ಣ ಅದನ್ನು ನುಂಗಿಕೊಂಡು ಸುಮ್ಮನೆ ನಿಂತ.