ಹುಣಸೆಹಣ್ಣಿನಲ್ಲಿ ತೊಳೆದ ಹಂದಿ ನಾಣ್ಯ

ಆ ಶುಕ್ರವಾರ ನಾನು ಮಾಡಿದ್ದನ್ನು ಬೇರೆ ಯಾರಾದರೂ ಮಾಡಿದ್ದರೆ ಜನ್ಮದಲ್ಲಿ ಅವನ ಮುಖ ನೋಡುತ್ತಿರಲಿಲ್ಲ. ನನ್ನ ಮುಖವನ್ನು ಮಾತ್ರ ದಿನಾ ಬೆಳಗ್ಗೆ ಕ್ಷೌರಕ್ಕಾಗಿ ನೋಡಲೇಬೇಕು.

ತೊಂಬತ್ತರ ದಶಕ. ಸಿಂಗಪುರದ ಆಂಗ್ ಮೋ ಕಿಯೋದ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದೆ, ಫ್ಲಾಟೂ ಅಲ್ಲೇ ಹತ್ತಿರ. ಹೈಸ್ಕೂಲಿಗೇ ಓದು ನಿಂತ ನನಗೆ ಕೆಲ್ಟರ ನಾಣ್ಯಗಳ ಹುಚ್ಚು ಹತ್ತಿತ್ತು. ಎರಡು ಸಾವಿರ ವರ್ಷದ ಹಿಂದೆ ಯುರೋಪಿನಲ್ಲಿದ್ದ ಜನ ಅವರು. ಅವರ ನಾಣ್ಯಗಳಲ್ಲಿ ಕಾಲುಗಳೆಲ್ಲ ಬಿಡಿಬಿಡಿಯಾಗಿ ಹಾರುವ ಕುದುರೆ, ಬೆನ್ನಿನ ಕೂದಲನ್ನು ಬಾಚಣಿಗೆಯಂತೆ ನಿಮಿರಿಸಿದ ಕಾಡುಹಂದಿ. ಮಣ್ಣಿನಲ್ಲಿ ಮಲಗಿ ಮಲಗಿ ಕಂಚಿನ ಮೇಲೆ ಹಸಿರು ಪೊರೆ ಕಟ್ಟಿರುತ್ತದೆ. ಅದನ್ನು ಉಜ್ಜಿದರೆ ನಾಣ್ಯ ಸತ್ತಂತೆ. ನಾಣ್ಯದಂಗಡಿಯಲ್ಲಿ ಸಿಕ್ಕವರಿಗೆಲ್ಲ ಇದನ್ನು ಕೊರೆಯುತ್ತಿದ್ದ ನಾನು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಮುಟ್ಟಬೇಡ, ನಿನಗೆ ಅರ್ಥವಾಗಲ್ಲ."

ವರಮಹಾಲಕ್ಷ್ಮಿ ಹಬ್ಬದ ಸಂಜೆ ಕೆಲಸದಿಂದ ಬಂದೆ. ಕುಂಕುಮಕ್ಕೆ ಕರೆದಿದ್ದ ಹೆಂಗಸರು ಹಾಲ್ ತುಂಬ ಕೂತಿದ್ದರು. ಆರತಿ ನಡೆಯುತ್ತಿತ್ತು. ಕಳಶದ ಮುಂದೆ ಬೆಳ್ಳಿ ತಟ್ಟೆಯಲ್ಲಿ ನನ್ನ ನಾಣ್ಯಗಳು, ಒಂದೊಂದಕ್ಕೂ ಕುಂಕುಮ, ಹೊಸ ಚೊಂಬಿನ ಹಾಗೆ ಫಳಫಳ.

"ಇದೇನೇ ಇದು?"

"ಹುಣಸೆಹಣ್ಣು ಹಚ್ಚಿ ತೊಳೆದೆ ರೀ. ಹಬ್ಬದ ದಿನ ಕಿಲುಬು ಹಿಡಿದ ದುಡ್ಡು ಲಕ್ಷ್ಮಿ ಮುಂದೆ ಇಡೋಕಾಗತ್ತಾ? ನೋಡಿ, ಇದರಲ್ಲಿ ವರಾಹಸ್ವಾಮಿ ಇದಾನೆ."

ಮುಖ ಅರಳಿಸಿಕೊಂಡು ಹೇಳಿದಳು. ನನ್ನ ಹುಚ್ಚಿನಲ್ಲಿ ಅವಳಿಗೂ ಪಾಲು ಸಿಕ್ಕ ಮೊದಲ ದಿನ ಅದು.

"ನಿಮ್ಮಪ್ಪನ ಮನೆ ಹಿತ್ತಾಳೆ ಪಾತ್ರೆ ಅಂದುಕೊಂಡೆಯಾ? ಕತ್ತೆ!" ಎಂದು ಕಿರುಚಿ ತಟ್ಟೆಗೆ ಕೈ ಹಾಕಿದೆ. ಮೊಣಕೈ ತಗುಲಿ ಕಳಶ ಉರುಳಿತು. ತೆಂಗಿನಕಾಯಿ ಉರುಳುತ್ತ ಸೋಫಾದ ಕೆಳಗೆ ಹೋಯಿತು.

"ಅಂಕಲ್, ಪಾಪ, ತೊಳೆದಿದ್ದು ತಾನೇ?" ಎಂದಳು ಪಕ್ಕದ ಬಡಾವಣೆ ಸೆರಂಗೂನಿನಿಂದ ಬಂದಿದ್ದ ಒಬ್ಬಾಕೆ.

"ಅಪ್ಪಾ, ಸಾಕು ಲಾ!" ಮಗಳು ಅಳುತ್ತಿದ್ದಳು.

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಮುತ್ತೈದೆಯರು ಬರಿಗೈಲಿ ಹೋಗಬಾರದೆಂದು ನನ್ನ ಹೆಂಡತಿ ಕುಂಕುಮದ ತಟ್ಟೆ ಹಿಡಿದು ಲಿಫ್ಟಿನವರೆಗೂ ಓಡಿದಳು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳು ಅಲ್ಲಿ ನಿಂತಿರುವಾಗ ಈ ಮಹಾಶಯ ಟವೆಲ್ಲಿನಿಂದ ಹಂದಿಯ ಮೇಲಿನ ಕುಂಕುಮ ಒರೆಸುತ್ತಿದ್ದ! ಸ್ನೇಹಿತರು ಈಗಲೂ ನಗುತ್ತಾರೆ: "ನಾಣ್ಯದ ಕಲೆಕ್ಟರ್ ಅಲ್ಲವಾ, ಹೊಟ್ಟೆ ಉರಿಯೋದು ಸಹಜ." ಎಲ್ಲಿಯ ಸಹಜ? ಎರಡು ವಾಕ್ಯದಲ್ಲಿ ವಿವರಿಸಿದ್ದರೆ ಅವಳು ಮುಟ್ಟುತ್ತಲೂ ಇರಲಿಲ್ಲ. ಅಷ್ಟೂ ಮರ್ಯಾದೆ ಕೊಡದವನಿಗೆ ಉರಿಯಲು ಯಾವ ಹಕ್ಕು?

ಮರುವರ್ಷ ಹಬ್ಬದ ಬೆಳಗ್ಗೆ ಅವಳು ಕಳಶದ ಚೊಂಬನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡಳು.

"ಎಲ್ಲಿಗೆ?"

"ಸೆರಂಗೂನಿಗೆ. ಹೋದ ವರ್ಷ ಬಂದಿದ್ದರಲ್ಲ, ಅವರ ಮನೇಲೇ ಕೂರಿಸ್ತೀನಿ. ನಿಮಗೆ ಅನ್ನ, ಹುಳಿ ಮಾಡಿಟ್ಟಿದೀನಿ."

ದನಿಯಲ್ಲಿ ಕೋಪವೂ ಇರಲಿಲ್ಲ. ಇಲ್ಲೇ ಕೂರಿಸು, ನನ್ನದು ತಪ್ಪಾಯಿತು ಎನ್ನಬೇಕಿತ್ತು. ಹಿಂದಿನ ವರ್ಷ ಅಷ್ಟು ಜನರ ಮುಂದೆ ಕಿರುಚಿದ ಬಾಯಿ ಆ ಬೆಳಗ್ಗೆ ತೆರೆಯಲಿಲ್ಲ. ಆ ಬಾಯಿಗೆ ಬೆಂಕಿ ಬೀಳಲಿ.