ಗಾಳಿ ಡಬ್ಬಿ

ತಮ್ಮ ತೀರಿಕೊಂಡ ಹನ್ನೊಂದು ತಿಂಗಳ ಮೇಲೆ ಅವನ ಕಾರನ್ನು ತರಲು ನಾನು ವಿಶಾಖಪಟ್ಟಣಕ್ಕೆ ಹೋದೆ. ಅಷ್ಟು ದಿನ ಯಾಕೆ ಬಿಟ್ಟಿದ್ದೆ ಎಂದು ಕೇಳಿದವರಿಗೆಲ್ಲ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ ಎನ್ನುತ್ತಿದ್ದೆ. ರಜೆ ಬೇಕಾದಷ್ಟಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ ಕಾರಣ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಹೇಗಿರುತ್ತದೋ ಇಡೀ ಮೈ ಹಾಗಿತ್ತು. ಅಳು ಬರಲಿಲ್ಲ, ಹಸಿವೆ ಹೋಗಲಿಲ್ಲ, ನಿದ್ದೆಯೂ ಕೆಡಲಿಲ್ಲ. ವಿಜಯವಾಡದ ಶಾಖೆಯಲ್ಲಿ ಕೂತು ಎಂದಿನಂತೆ ಎಲ್ಲರ ಮೇಲೂ ರೇಗಾಡುತ್ತಿದ್ದೆ.

ತಮ್ಮ ವಿಶಾಖಪಟ್ಟಣದ ಪಕ್ಕದ ಪರವಾಡದ ಒಂದು ಔಷಧಿ ಕಾರ್ಖಾನೆಯಲ್ಲಿದ್ದ. ಒಂದು ಬೆಳಗ್ಗೆ ಕಂಪನಿಯ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ಜೊತೆಯವರು ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ಸಿಕ್ಕಿದ ರೈಲು ಹತ್ತಿದೆ. ವಿಶಾಖಪಟ್ಟಣದಲ್ಲಿ ಇಳಿದಾಗ ಮಧ್ಯಾಹ್ನ. ಸ್ಟೇಷನ್ನಿನ ಹೊರಗೆ ಆಟೋದವನು ಇನ್ನೊಬ್ಬರು ಬರಲಿ ಎಂದು ಗಾಡಿ ಹೊರಡಿಸದೆ ನಿಂತಿದ್ದಕ್ಕೆ ಅವನ ಜೊತೆ ದೊಡ್ಡ ಜಗಳ ತೆಗೆದೆ. ಕೊನೆಗೆ ಬೇರೆ ಆಟೋ ಹಿಡಿದು ಹೋದೆ. ತಮ್ಮ ಕಣ್ಣು ಮುಚ್ಚಿ ಮಲಗಿದ್ದ. ಹಾಸಿಗೆಯ ಪಕ್ಕದ ಯಂತ್ರ ಒಂದೇ ಸಮನೆ ಕೂಗುತ್ತಿತ್ತು. ಹೊದಿಕೆಯೊಳಗೆ ಕೈ ಹಾಕಿ ಅವನ ಕೈ ಹಿಡಿದುಕೊಂಡೆ, ಬೆಚ್ಚಗಿತ್ತು. ನರ್ಸ್ ಬಂದು ಮೆಲ್ಲಗೆ “ಕಟ್ಟೇಸ್ತಾಮಮ್ಮಾ” ಎಂದಳು. ಕೈಗೋ ಕಾಲಿಗೋ ಏನೋ ಕಟ್ಟುತ್ತಾರೆ ಎಂದುಕೊಂಡು ಹೂಂ ಎಂದೆ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಆಗಲೇ ಅವನು ಹೋದ ಎಂದು ತಿಳಿದುಕೊಂಡೆ. ಆಮೇಲೆ ಡಾಕ್ಟರು ಬಂದು ಹೇಳಿದ್ದರಲ್ಲಿ ‘ಸಾರಿ’ ಎನ್ನುವುದು ಬಿಟ್ಟು ಬೇರೇನೂ ನನ್ನ ಕಿವಿಗೆ ಬೀಳಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ವಿಜಯವಾಡದಲ್ಲಿ ನನ್ನ ಜೊತೆಗೇ ಇದ್ದಾಳೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳಿಗೆ ಫೋನಿನಲ್ಲಿ ಎಲ್ಲ ಒಪ್ಪಿಸಿದೆ. ಯಂತ್ರ ಕೂಗುತ್ತಿದ್ದದ್ದು, ಕೈ ಬೆಚ್ಚಗಿದ್ದದ್ದು, ನರ್ಸ್ ‘ಕಟ್ಟೇಸ್ತಾಮಮ್ಮಾ’ ಅಂದಿದ್ದು, ಆಮೇಲೆ ಕೂಗು ನಿಂತಿದ್ದು. ನರ್ಸ್ ಏನಂದಳು ಎಂದು ಅಮ್ಮ ಇನ್ನೊಂದು ಸಲ ಹೇಳಿಸಿಕೊಂಡು, “ಆಯ್ತು ಬಿಡು. ನೀನಿದ್ದೆಯಲ್ಲ, ಅವನು ಒಂಟಿಯಾಗಿ ಹೋಗ್ಲಿಲ್ಲ. ಅಷ್ಟು ಸಾಕು” ಎಂದಳು. ಬಂದವರೆದುರೂ ಅದನ್ನೇ ಹೇಳಿದಳು. ಆ ಹನ್ನೊಂದು ತಿಂಗಳು ನಾವಿಬ್ಬರೂ ಹಿಡಿದುಕೊಂಡಿದ್ದದ್ದು ಆ ಒಂದೇ ಮಾತನ್ನು.

ಕಾರು ತರಬೇಕೆಂದು ಹಟ ಹಿಡಿದದ್ದೂ ಅಮ್ಮನೇ. “ಅವನು ಅಷ್ಟು ಆಸೆಪಟ್ಟಿದ್ದು, ಅಲ್ಲಿ ಅನಾಥವಾಗಿ ಬಿದ್ದಿರೋದು ಬೇಡ. ಒಂದ್ಸಲ ಅದರ ಶಬ್ದ ಕೇಳ್ಬೇಕು ನಾನು.” ಅದು ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಕೂತರೆ ನೆಲದ ಮೇಲೆ ಕೂತ ಹಾಗೆ, ಸ್ವಿಚ್ ಒತ್ತಿದರೆ ಹೆಡ್‌ಲೈಟುಗಳು ಕಪ್ಪೆಗಣ್ಣಿನಂತೆ ಮೇಲೇಳುತ್ತಿದ್ದವು. ಭಾನುವಾರ ಸಿಂಹಾಚಲದ ಬೆಟ್ಟ ಹತ್ತಿ ಇಳಿಯುವುದು, ಮಿಕ್ಕ ದಿನ ಒರೆಸುವುದು, ಇಷ್ಟಕ್ಕೇ ಅವನು ಅದನ್ನು ಸಾಕಿಕೊಂಡಿದ್ದ. ಮದುವೆ ಯಾವಾಗಲೋ ಎಂದರೆ ಸೀಟು ಎರಡಿದೆಯಲ್ಲ ಎನ್ನುತ್ತಿದ್ದ.

ಗಾಜುವಾಕದ ಆಟೋನಗರದಲ್ಲಿ ಅವನ ಪರಿಚಯದ ಮೆಕ್ಯಾನಿಕ್ ಇದ್ದರು, ಐವತ್ತು ದಾಟಿದವರು. ಕಾರನ್ನು ಎಳೆಸಿಕೊಂಡು ಹೋಗಿ ಅವರ ಶೆಡ್ಡಿನಲ್ಲಿ ನಿಲ್ಲಿಸಿದೆ. ಬಾನೆಟ್ ಎತ್ತಿದ ಕೂಡಲೇ ಅವರು ಬೆರಳು ಮಾಡಿ ತೋರಿಸಿದ್ದು ಇಂಜಿನ್ನಿನ ಒತ್ತಿಗೇ ಕೂತಿದ್ದ, ಅಂಗೈಯಷ್ಟಗಲದ ಪ್ಲಾಸ್ಟಿಕ್ ಟ್ಯಾಂಕನ್ನು. ಇಂಜಿನ್ ತಂಪು ಮಾಡುವ ನೀರಿನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಇಂಜಿನ್ ಕಾದು ಕೆಡುತ್ತದೆ. ಗುಳ್ಳೆಯನ್ನು ಬೇರೆ ಮಾಡಿ ಬರೀ ನೀರನ್ನು ವಾಪಸ್ ಕಳಿಸುವುದು ಆ ಟ್ಯಾಂಕಿನ ಕೆಲಸ. ಕಾವಿಗೆ ಅದು ಕಂದು ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿತ್ತು. ತಮ್ಮ ಫೋನಿನಲ್ಲಿ ಅದನ್ನು ಗಾಳಿ ಡಬ್ಬಿ ಎನ್ನುತ್ತಿದ್ದ. ನಾನು ಹೂಂಗುಟ್ಟುತ್ತಾ ಬೇರೆ ಕೆಲಸ ಮಾಡಿಕೊಳ್ಳುತ್ತಿದ್ದೆ.

“ತೀಸೇದ್ದಾಂ ಮೇಡಂ” ಎಂದರು ಮೆಕ್ಯಾನಿಕ್. ತೆಗೆದೇ ಹಾಕೋಣ, ಪೈಪಿಗೆ ಪೈಪು ಸೇರಿಸಿದರೆ ಆಯಿತು, ಬಹಳ ಜನ ಹಾಗೇ ಮಾಡುತ್ತಾರೆ ಎಂದು ವಿವರಿಸಿದರು. ಡಿಕ್ಕಿಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಹೊಸ ಅಲ್ಯೂಮಿನಿಯಂ ಟ್ಯಾಂಕು ಸಿಕ್ಕಿತು. ಅದಕ್ಕೆ ಅಂಟಿಸಿದ್ದ ಕಾಗದದ ಟೇಪಿನ ಮೇಲೆ ತಮ್ಮನ ಕಾಗೆ ಕಾಲಿನ ಕನ್ನಡ: ‘ಗಾ.ಡ. ಬ್ಯಾಟರಿ ಪಕ್ಕಕ್ಕೆ. ತೆಗೆಯೋದಲ್ಲ, ಜಾಗ ಬದಲಾಯಿಸೋದು.’ ಅದನ್ನು ಓದಿದರೂ ನನಗೆ ಏನೂ ಆಗಲಿಲ್ಲ. ಅವನು ಬರೆದಿದ್ದಾನೆ, ಹಾಗೇ ಆಗಲಿ ಎಂದಷ್ಟೇ ಅನ್ನಿಸಿತು. “ತೀಯೊದ್ದು, ಮಾರ್ಚಂಡಿ” ಎಂದೆ. ತೆಗೆಯಬೇಡಿ, ಜಾಗ ಬದಲಾಯಿಸಿ. ನಾಲ್ಕು ವರ್ಷ ಆಂಧ್ರದಲ್ಲಿದ್ದ ನನ್ನ ತೆಲುಗಿನ ಬಗ್ಗೆ ನನಗೆ ಒಳ್ಳೇ ಹೆಮ್ಮೆಯಿತ್ತು.

ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ಹೊಸ ಡಬ್ಬಿ ಬ್ಯಾಟರಿಯ ಪಕ್ಕದಲ್ಲಿ ಕೂತಿತು. ಇಂಜಿನ್ ತಂಪು ಮಾಡುವ ಹಸಿರು ನೀರು ತುಂಬಿಸಿ, ಒಳಗಿನ ಗಾಳಿಯೆಲ್ಲ ಹೊರಬರಲೆಂದು ಮುಚ್ಚಳ ತೆಗೆದಿಟ್ಟು ಇಂಜಿನ್ ಚಾಲೂ ಮಾಡಿದರು. ಹನ್ನೊಂದು ತಿಂಗಳ ಮೇಲೂ ಅದು ಶುರುವಾಯಿತು. ಎಲ್ಲಾದರೂ ಸೋರುತ್ತಿದೆಯೇ ನೋಡಲು ಮೆಕ್ಯಾನಿಕ್ ಕಾರಿನಡಿ ತೂರಿಕೊಂಡರು. ಹೊಸ ಪೈಪು ಫ್ಯಾನಿನ ಬೆಲ್ಟಿಗೆ ತಗುಲದಂತೆ ಬಿಗಿಯಲು ಪ್ಲಾಸ್ಟಿಕ್ ಪಟ್ಟಿಗಳನ್ನು ನನ್ನ ಕೈಗೆ ಕೊಟ್ಟು, ಹೇಳಿದಾಗ ಕಟ್ಟಿ ಎಂದಿದ್ದರು. ಗುಳ್ಳೆಗಳು ಬುಳುಬುಳು ಬರುತ್ತಿದ್ದವು. ಇದ್ದಕ್ಕಿದ್ದಂತೆ ಅಡಿಯಿಂದ ಕೂಗು: “ಕಟ್ಟೇಯಂಡಿ ಮೇಡಂ!” ನಾನು ಪೈಪಿಗೆ ಒಂದು ಪಟ್ಟಿ ಕಟ್ಟಿದೆ. “ಕಟ್ಟೇಯಂಡಿ, ಕಟ್ಟೇಯಂಡಿ!” ಕಟ್ಟುತ್ತಾ ಇದ್ದೀನಲ್ಲ, ಇದೇನು ಗೋಳು ಎಂದು ರೇಗಿ ಇನ್ನೆರಡು ಬಿಗಿದೆ. ನೀರು ಉಕ್ಕಿ ಬಾನೆಟ್ಟಿನ ತನಕ ಹಬೆ ಎದ್ದಿತು. ಅವರು ಅಡಿಯಿಂದ ತೆವಳಿಕೊಂಡು ಬಂದು, ಕಿಟಕಿಯೊಳಗೆ ಕೈ ಹಾಕಿ, ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದರು. ಅವರ ಮೊಣಕೈ ಕೆಂಪಗೆ ಸುಟ್ಟಿತ್ತು.

“ಬಂಡಿ ಕಟ್ಟೇಯಮನ್ನಾನು ಮೇಡಂ, ಪೈಪು ಕಾದು!” ಪೈಪನ್ನಲ್ಲ, ಗಾಡಿ ಕಟ್ಟಿ ಎಂದದ್ದು ಎಂದು ಗೊಣಗಿ, ನನ್ನ ಮುಖ ನೋಡಿ ಮೆತ್ತಗಾಗಿ, ಗೋಡೆಯ ಸ್ವಿಚ್ಚಿನ ಹತ್ತಿರ ಹೋಗಿ ತೋರಿಸಿಕೊಟ್ಟರು. “ಲೈಟ್ ಕಟ್ಟೇಯ್.” ದೀಪ ಆರಿಸಿದರು. “ಫ್ಯಾನ್ ಕಟ್ಟೇಯ್.” ಫ್ಯಾನು ನಿಲ್ಲಿಸಿದರು. “ಮಿಷನ್ ಕಟ್ಟೇಯ್. ಅಂತೇ ಮೇಡಂ.” ಅಷ್ಟೇ ಎಂದರು.

ಹಗ್ಗ ಕಟ್ಟುವುದು, ಮನೆ ಕಟ್ಟುವುದು, ಬ್ಯಾಂಕಿಗೆ ಕಂತು ಕಟ್ಟುವುದು, ಎಲ್ಲ ತೆಲುಗಿನಲ್ಲೂ ಕಟ್ಟುವುದೇ. ಇಷ್ಟೆಲ್ಲ ನಮ್ಮದರಂತೆಯೇ ಇದ್ದ ಮಾತಿಗೆ ನಮ್ಮಲ್ಲಿಲ್ಲದ ಒಂದು ಅರ್ಥ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಇಂಜಿನ್ ಆರಲಿ ಎಂದು ಅವರು ಚಹಾ ತರಿಸಿದರು. ಕಾರನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ತಂದಿದ್ದ ಫೈಲು ನನ್ನ ಚೀಲದಲ್ಲಿತ್ತು. ಅದರಲ್ಲಿ ಆಸ್ಪತ್ರೆ ಕೊಟ್ಟ ಕಾಗದವೂ ಇತ್ತು. ಎಷ್ಟೋ ಕಡೆ ಅದರ ನಕಲು ಕೊಟ್ಟಿದ್ದೆ, ಒಮ್ಮೆಯೂ ಓದಿರಲಿಲ್ಲ. ತೆಗೆದು, ಸಾವಿನ ಹೊತ್ತು ಎಂದು ಬರೆದಿದ್ದನ್ನು ನೋಡಿದೆ. ಆ ಹೊತ್ತಿಗೆ ನಾನು ಸ್ಟೇಷನ್ನಿನ ಹೊರಗೆ ಆಟೋದವನ ಜೊತೆ ಜಗಳವಾಡುತ್ತಿದ್ದೆ. ನರ್ಸ್ ಹೇಳಿದ್ದು ಯಂತ್ರ ನಿಲ್ಲಿಸುತ್ತೇವೆ ಎಂದು. ನಾನು ಕೈ ಹಿಡಿಯುವಾಗ ತಮ್ಮ ಇರಲಿಲ್ಲ. ಚಹಾ ಕುಡಿದು ಮುಗಿಸಿದೆ. ಲೋಟ ತೊಳೆದಿಡಬೇಕೇ ಎಂದು ಕೇಳಿದೆ, ಬೇಡ ಎಂದರು.

ಇಂಜಿನ್ನಿಗೆ ಏನೂ ಆಗಿರಲಿಲ್ಲ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಆಗುತ್ತಿತ್ತು ಎಂದರು. ಮತ್ತೆ ನೀರು ತುಂಬಿಸಿ, ಗಾಳಿ ತೆಗೆದು, ಶಾಖದ ಮುಳ್ಳು ಅರ್ಧ ದಾಟಿದರೆ ಗಾಡಿ ನಿಲ್ಲಿಸಿ ಎಂದು ಹೇಳಿ ಕಳಿಸಿದರು. ಮರುದಿನ ನಸುಕಿಗೇ ಹೊರಟೆ. ಹೆದ್ದಾರಿಯುದ್ದಕ್ಕೂ ಲಾರಿಗಳನ್ನೂ ಮುಳ್ಳನ್ನೂ ಮಾತ್ರ ನೋಡಿದೆ. ಮುಳ್ಳು ಅಲುಗಲಿಲ್ಲ. ತಮ್ಮನ ಲೆಕ್ಕಾಚಾರ ಸರಿಯಾಗಿತ್ತು. ಅಮ್ಮನಿಗೆ ಇದನ್ನು ಯಾವತ್ತೂ ಹೇಳಬಾರದು ಎಂದು ರಾಜಮಂಡ್ರಿಯ ಹತ್ತಿರ ತೀರ್ಮಾನಿಸಿದೆ.

ಮಧ್ಯಾಹ್ನ ವಿಜಯವಾಡದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲಿಸಿದಾಗ ಅಮ್ಮ ಕಾಯುತ್ತಿದ್ದಳು. ಮಂಡಿ ನೋವಿನಲ್ಲೇ ಬಗ್ಗಿ, ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಇಂಜಿನ್ ಓಡುತ್ತಲೇ ಇತ್ತು. ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೇಳಿದಳು.

“ಚೆನ್ನಾಗಿದೆ ಕಣೇ ಶಬ್ದ” ಎಂದಳು. ಆಮೇಲೆ, “ಸಾಕು, ಕಟ್ಟೇಯ್ ಇನ್ನ. ಹೊಗೆ ವಾಸನೆ.”

ಕೀ ತಿರುಗಿಸಿದೆ. “ಅಮ್ಮಾ, ಆ ಮಾತು ಯಾವಾಗ ಕಲಿತೆ?”

“ಯಾವ ಮಾತು?”

“ಕಟ್ಟೇಯ್ ಅನ್ನೋದು.”

“ಅಯ್ಯೋ, ಇಲ್ಲಿಗೆ ಬಂದ ವಾರಕ್ಕೇ. ಎದುರುಮನೆಯಾಕೆ ದಿನಾ ಬೆಳಗ್ಗೆ ವಾಚ್‌ಮನ್‌ಗೆ ಕೂಗ್ತಾಳಲ್ಲ, ಮೋಟಾರ್ ಕಟ್ಟೇಯ್, ಮೋಟಾರ್ ಕಟ್ಟೇಯ್ ಅಂತ.”

ಅಮ್ಮ ಇಲ್ಲಿಗೆ ಬಂದು ಮೂರು ವರ್ಷ. ಆಸ್ಪತ್ರೆಯ ಮೆಟ್ಟಿಲ ಮೇಲಿಂದ ನಾನು ನರ್ಸಿನ ಮಾತನ್ನು ಹಾಗೇ ಒಪ್ಪಿಸಿದ ದಿನವೇ ಅವಳಿಗೆ ಅರ್ಥವಾಗಿತ್ತು. ನೀನಿದ್ದೆಯಲ್ಲ ಎಂದು ಅಷ್ಟು ತಿಂಗಳು ಹೇಳಿಕೊಂಡು ಬಂದದ್ದು ತನ್ನ ಸಮಾಧಾನಕ್ಕಲ್ಲ.

“ಅಮ್ಮಾ, ನಾನು ಹೋಗೋ ಹೊತ್ತಿಗೆ ಅವನು...”

“ಗೊತ್ತು ಕಣೇ” ಎಂದಳು ಅಮ್ಮ. “ಕೈ ಬೆಚ್ಚಗಿತ್ತು ಅಂದ್ಯಲ್ಲ.”

ಆ ಸೀಟಿನಿಂದ ಅವಳನ್ನು ಎಬ್ಬಿಸಲು ನಾನು ಇಳಿದು ಆ ಕಡೆ ಹೋಗಿ ಕೈ ಕೊಡಬೇಕಿತ್ತು. ನನಗೆ ಏಳಲು ಆಗಲಿಲ್ಲ. ಮುಖವೆಲ್ಲ ಒದ್ದೆಯಾಗಿತ್ತು. ಅಮ್ಮ ಅದನ್ನು ಸೆರಗಿನಿಂದ ಒರೆಸುತ್ತಾ ಕೂತಳು.