ಸ್ಪ್ರಿಂಕ್ಲರ್ ಪೈಪಿನ ಜಲಾಂತರ್ಗಾಮಿ

ಅಕ್ಕನ ಫೋನ್ ಬಂದಾಗ ನಾನು ಯಮಕನಮರಡಿಯ ಮನೆಯಲ್ಲಿ ವಾದಕ್ಕೆ ಯಾರೂ ಸಿಗದೆ ಬೇಸತ್ತು ಕೂತಿದ್ದೆ. ಅಕ್ಕ ಎಂದರೆ ತುಕ್ಕಾನಟ್ಟಿಯ ಕಾಕಾನ ಮಗಳು, ಎಂಜಿನಿಯರಿಂಗಿನ ಕೊನೆಯ ವರ್ಷದವಳು.

"ನಾಳೆ ಬಾ. ಗೋಕಾಕದಾಗ ಇಳದು ಪೈಪಿನ ಅಂಗಡ್ಯಾಗ ರಬ್ಬರ್ ರಿಂಗ್ ತಗೋ. ಬರೂಮುಂದ ನಿನ್ನ ಬಾಯಿನೂ ತಗೊಂಡ ಬಾ."

"ಬಾಯಿ ಯಾಕ?"

"ನನ್ನ ಡಿಸೈನಿನಾಗ ತಪ್ಪು ಹುಡುಕಾಕ. ನಿನ್ನಂಥಾ ಮೊಂಡನ ಮುಂದ ಪಾಸಾದ್ರ ಆ ಸ್ಪರ್ಧೆ ಪರೀಕ್ಷಕ್ರು ಯಾವ ಲೆಕ್ಕ?"

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನಿಗೆ ಇದಕ್ಕಿಂತ ಒಳ್ಳೆಯ ಕರೆ ಬೇರೆ ಬೇಕೆ? ಚೀಟಿ ಎತ್ತಿ ಪರವಾಗಿಯೂ ಮಾತಾಡಿದ್ದೇನೆ, ವಿರೋಧವಾಗಿಯೂ ಮಾತಾಡಿದ್ದೇನೆ. ಮನಸಾರೆ ಮಾತಾಡಿದ್ದು ಮಾತ್ರ ವಿರೋಧ.

ವಿಷಯ ಇಷ್ಟು. ಅಣುಶಕ್ತಿಯಿಲ್ಲದ, ಡೀಸೆಲ್ಲು ಮತ್ತು ಬ್ಯಾಟರಿಯ ಮೇಲೆ ಓಡುವ ಜಲಾಂತರ್ಗಾಮಿಗಳು ಕಟ್ಟಿದ ಹಾಗೆಯೇ ಮುದಿಯಾಗುತ್ತವೆ. ಹೊಸ ಬ್ಯಾಟರಿ, ಹೊಸ ಯಂತ್ರ ಬಂದರೆ ಹೊಟ್ಟೆ ಸೀಳಬೇಕು. ಅದರ ಬದಲು ಮುಂದಿನವನ್ನು ತುಂಡು ತುಂಡಾಗಿ ಕಟ್ಟೋಣ, ನಡುವಿನ ತುಂಡನ್ನು ಬೇಕೆಂದಾಗ ಕಳಚಿ ಬೇರೆಯದನ್ನು ಕೂಡಿಸೋಣ ಎನ್ನುವುದು ಅಕ್ಕನ ಪಕ್ಷ. ಇಂಥ ವಿನ್ಯಾಸಗಳ ಸ್ಪರ್ಧೆಯೊಂದಕ್ಕೆ ಅವಳು ಹೆಸರು ಕೊಟ್ಟಿದ್ದಳು. ಮಾದರಿ ಮಾಡಿ, ಅದರ ನಡುವಿನ ತುಂಡನ್ನು ಕಳಚಿ ಮತ್ತೆ ಕೂಡಿಸಿ, ನೀರಿಗಿಳಿಸಿ, ಒಳಗೆ ಒಣಗಿಯೇ ಇದೆ ಎಂದು ವಿಡಿಯೊದಲ್ಲಿ ತೋರಿಸಬೇಕು. ಗೆದ್ದವರಿಗೆ ಕಡಲತೀರದ ಶಿಪ್‌ಯಾರ್ಡಿನಲ್ಲಿ ತರಬೇತಿ. ಕಾಲೇಜು ಸೇರಿದಾಗಿನಿಂದ ಅವಳು ಕಣ್ಣಿಟ್ಟಿದ್ದು ಅದೊಂದರ ಮೇಲೆಯೇ. ವಿಡಿಯೊ ಕಳಿಸಲು ಕೊನೆಯ ದಿನವೆಂದರೆ ನಾನು ರಿಂಗಿನ ಚೀಲ ಹಿಡಿದು ತುಕ್ಕಾನಟ್ಟಿಯಲ್ಲಿ ಬಸ್ಸಿಳಿದ ದಿನ.

ಬಾವಿಯ ದಂಡೆಯಲ್ಲಿ ಮಾದರಿಯನ್ನು ಕಂಡಾಗ ನಗು ತಡೆಯಲಾಗಲಿಲ್ಲ. ಶೇಂಗಾ ಹೊಲಕ್ಕೆ ನೀರು ಚಿಮ್ಮಿಸುವ ಕಾಕಾನ ಸ್ಪ್ರಿಂಕ್ಲರ್ ಪೈಪನ್ನೇ ಕೊಯ್ದು ಮಾಡಿದ ಮೂತಿ, ನಡು, ಬಾಲ. ಪೈಪಿನ ತುದಿಗಳಲ್ಲಿ ಕೊಕ್ಕೆ. ಹಾಕಿದರೆ ಕೂಡುತ್ತದೆ, ಎತ್ತಿದರೆ ಬಿಚ್ಚುತ್ತದೆ. ನಮ್ಮ ಕಡೆ ಇದೊಂದು ವಿಶೇಷವೇ ಅಲ್ಲ. ಹೊಲದ ಒಂದು ಪಟ್ಟಿಗೆ ನೀರುಣಿಸಿದ ಮೇಲೆ ಇಡೀ ಸಾಲು ಬಿಚ್ಚಿ ಬಾಜೂ ಪಟ್ಟಿಗೆ ಜೋಡಿಸುತ್ತೇವೆ.

"ಅಕ್ಕಾ, ಬೆಸುಗಿ ಹಾಕಿದ ಹಡಗಕ್ಕ ಸಂದೇ ಇಲ್ಲ. ನೀನs ಸಂದು ಮಾಡಿ, ಅಲ್ಲಿ ನೀರು ಬರಬಾರದು ಅಂತೀ. ಇದ್ಯಾವ ನ್ಯಾಯ?"

"ಸಂದಿಲ್ಲದ ಮನಿಗೆ ಬಾಗಿಲಾ ಎಲ್ಲಿಂದ ಬರ್ತಾವೋ ಶ್ಯಾಣ್ಯಾ?"

"ಮನಿ ನೀರಾಗ ಮುಳುಗೂದಿಲ್ಲ."

"ಇಬ್ರೂ ಸುಮ್ನಾಗ್ರಿ, ಹೊತ್ತು ಹೊಂಟೈತಿ," ಎಂದು ಕಾಕಾ ಹಗ್ಗ ಕಟ್ಟಿದರು.

ಪ್ರತಿ ತುಂಡಿನೊಳಗೆ ಅಕ್ಕ ಒಂದು ಮುಷ್ಟಿ ಜೋಳದ ಹಿಟ್ಟು ಹಾಕಿದ್ದಳು. ನೀರು ಹೊಕ್ಕರೆ ಹಿಟ್ಟೇ ಹೇಳುತ್ತದೆ. ಮೂತಿಗೂ ಬಾಲಕ್ಕೂ ಒಳಗಡೆ ಗೋಡೆಯಿತ್ತು. ನಡುವಿನ ತುಂಡು ಮಾತ್ರ ಎರಡೂ ಕಡೆ ಬಾಯ್ದೆರೆದ ಬರೀ ಪೈಪು, ಅಕ್ಕಪಕ್ಕದ ಗೋಡೆಗಳೇ ಅದಕ್ಕೆ ಗೋಡೆ. ನಾನು ತಂದ ರಿಂಗುಗಳನ್ನು ಕಾಕಾ ಹೊಲದಲ್ಲಿ ಹಾಕುವ ಹಾಗೆಯೇ ಸಂದುಗಳಲ್ಲಿ ಪಟಪಟನೆ ಕೂಡಿಸಿದರು. ಕಲ್ಲು ಕಟ್ಟಿ ಇಳಿಬಿಟ್ಟೆವು. ಹಸಿರು ನೀರಿನಲ್ಲಿ ಅದು ಮಸುಕಾಗಿ, ಕಾಣದಾಯಿತು. ನಾನು ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದೆ.

ಮೇಲೆಳೆದು ಕೊಕ್ಕೆ ಎತ್ತಿದೊಡನೆ ನಡುವಿನ ತುಂಡಿನಿಂದ ಬಿಳಿಯ ಗಂಜಿ ದಳದಳ ಸುರಿಯಿತು.

"ಬಾವಿ ಹಿಟ್ಟು ನಾದೇ ಬಿಟ್ಟೈತಿ. ಒಲಿ ಮ್ಯಾಲ ಹಂಚಿಡ್ರಿ, ರೊಟ್ಟಿ ಬಡೀಯೂನು," ಎಂದರು ಕಾಕಾ.

ಅಕ್ಕ ನಗಲಿಲ್ಲ. ನಾನು ಬಾಯಿ ತಡೆಯಲಿಲ್ಲ. "ಹೇಳಿದ್ನಿಲ್ಲ? ಸಂದು ಸೋರ್ತಾವ."

"ಇದs ರಿಂಗು ಪಂಪಿನ ಜೋರು ತಡೀತೈತಿ! ಐದು ಎಚ್‌ಪಿ ಮೋಟರಿನ ಜೋರು! ಈ ಬಾವಿ ನೀರು ಅದರ ಮುಂದ ಏನು?" ಎಂದು ಅಕ್ಕ ರೇಗಿದಳು.

ಎದುರಾಳಿ ದನಿ ಏರಿಸಿದಾಗ ಅವನ ವಾಕ್ಯದಲ್ಲಿ ಯಾವ ಮಾತು ಬಿಟ್ಟುಹೋಗಿದೆ ನೋಡು ಎಂದು ನಮಗೆ ಕಲಿಸಿದ್ದರು. ನೋಡಿದೆ. "ಜೋರು ಖರೆ. ಯಾವ ಕಡಿಂದ ಜೋರು?"

"ಒಳಗಿಂದ," ಎಂದಳು.

ಇಬ್ಬರೂ ಒಟ್ಟಿಗೇ ಪೈಪಿನ ಮೇಲೆ ಬಾಗಿ ತಲೆ ಢಿಕ್ಕಿ ಹೊಡೆದುಕೊಂಡೆವು. ರಿಂಗಿಗೊಂದು ತುಟಿ, ಅಂದರೆ ಬಾಗುವ ತೆಳು ಅಂಚು, ಇರುತ್ತದೆ. ಆ ತುಟಿ ಪೈಪಿನ ಒಳಮುಖವಾಗಿತ್ತು. ಒಳಗಿನ ನೀರು ಒತ್ತಿದಷ್ಟೂ ಅರಳಿ ಸಂದು ಮುಚ್ಚಲೆಂದು. ಬಾವಿಯ ನೀರು ಒತ್ತುವುದು ಹೊರಗಿನಿಂದ. ಹೊಲದ ರೂಢಿಯ ಕೈ ಅದನ್ನು ಹೊಲದ ಹಾಗೆಯೇ ಕೂಡಿಸಿತ್ತು.

"ಅಪ್ಪಾ, ಉಲ್ಟಾ! ಎಲ್ಲಾ ರಿಂಗೂ ಉಲ್ಟಾ ಹಾಕೂನು!"

"ಉಲ್ಟಾ ಹಾಕಿದ್ರ ಹೊಲದಾಗ ಬೈತಾರ."

"ಇದು ಹೊಲಲ್ಲೋ ಅಪ್ಪಾ!"

ತುಟಿಯನ್ನು ಹೊರಮುಖ ಮಾಡಿ, ನಡುವಿನ ತುಂಡನ್ನು ಒರೆಸಿ, ಹೊಸ ಹಿಟ್ಟು ಹಾಕಿ ಮತ್ತೆ ಇಳಿಬಿಟ್ಟೆವು. ಮೇಲೆ ಬಂದಾಗ ಅಕ್ಕ ಕೊಕ್ಕೆ ಎತ್ತಿ ಪೈಪಿಗೆ ಬಾಯಿ ಹಚ್ಚಿ ಊದಿದಳು. ಹಿಟ್ಟು ಹೊಗೆಯಂತೆ ಹಾರಿ ಕಾಕಾನ ಮೀಸೆಯ ಮೇಲೆ ಕೂತಿತು. ಅವಳು ಕಿರುಚಿದ್ದಕ್ಕೆ ಬಾವಿಯೊಳಗಿನ ಪಾರಿವಾಳಗಳೆಲ್ಲ ಎದ್ದುಬಿಟ್ಟವು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಮೊದಲ ಮುಳುಗಿನ ವಿಡಿಯೊವನ್ನು ಕತ್ತರಿಸಿ ಎರಡನೆಯದನ್ನಷ್ಟೇ ಕಳಿಸುತ್ತೇನೆ ಎಂದು ಅಕ್ಕ ಹಟ ಹಿಡಿದಳು. ನಾನು ಬೇಡವೆಂದೆ.

"ಸೋತದ್ದ ತೋರಿಸಿದ್ರ ತರಬೇತಿ ಕೊಡ್ತಾರೇನೋ ಹುಚ್ಚಾ?"

"ಮೂತಿಯೊಳಗಿನ ಹಿಟ್ಟು ಆಗ ಹೆಂಗಿತ್ತು?"

"ಒಣಗಿತ್ತು."

"ಬಾಲದಾಗ?"

"ಒಣಗೇ ಇತ್ತು."

"ಮತ್ತ! ಒಂದು ತುಂಡಿನಾಗ ನೀರು ಹೊಕ್ರೂ ಹಡಗ ಉಳೀತು. ಬಿಚ್ಚಿದಿ, ರಿಪೇರಿ ಮಾಡಿದಿ, ಇವತ್ತs ಮತ್ತ ನೀರಿಗಿಳಿಸಿದಿ. ಒಂದs ತುಂಡಿನ ಹಡಗಾಗಿದ್ರ ಎಲ್ಲಾ ಗಂಜಿ ಆಗ್ತಿತ್ತು. ನಿನ್ನ ವಾದಕ್ಕ ಇದಕ್ಕಿಂತ ಸಾಕ್ಷಿ ಬೇಕೇನು?"

ಹೇಳಿ ಮುಗಿಸಿದ ಮೇಲೆಯೇ ತಿಳಿಯಿತು: ಚೀಟಿ ಎತ್ತದೆ, ಯಾರೂ ಹೇಳದೆ, ನಾನು ಪಕ್ಷ ಬದಲಿಸಿದ್ದೆ.

"ಕಾಕಾ, ನೀವs ಹೇಳ್ರಿ," ಎಂದೆ.

"ಎರಡೂ ಕಳಸವ್ವಾ. ಈ ಮಗಾ ಹುಟ್ಟಿದಾಗಿಂದ ಇವತ್ತs ಒಬ್ಬರ ಮಾತಿಗಿ ಹೂಂ ಅಂದಾನ."

ಮೊಬೈಲ್ ನೆಟ್‌ವರ್ಕಿಗಾಗಿ ನೀರಿನ ಟಾಕಿ ಹತ್ತಿ, ಗಂಜಿ ಸುರಿದದ್ದರಿಂದ ಹಿಡಿದು ಎಲ್ಲವನ್ನೂ ಕಳಿಸಿದಳು.

ಮುಂದಿನ ವಾರ ನಾನಿನ್ನೂ ಅಲ್ಲೇ ಇದ್ದೆ. ಫೋನ್ ಬಂದಾಗ ಅಕ್ಕ ಸ್ಪೀಕರ್ ಹಚ್ಚಿದಳು. ಆಯ್ಕೆಯಾಗಿದೆ, ಮಾದರಿಯೊಂದಿಗೆ ಹೊರಡಿ, ಆ ನೀರು ಹೊಕ್ಕ ತುಂಡು ತಪ್ಪದೆ ಇರಲಿ, ನಮ್ಮೆದುರು ಮತ್ತೊಮ್ಮೆ ಮುಳುಗಿಸಬೇಕು ಎಂದಿತು ಆ ಕಡೆಯ ದನಿ. ಅಕ್ಕ ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯಿತು. ಮಾದರಿ ಇಟ್ಟಿದ್ದ ಕೊಟ್ಟಿಗೆಗೆ ಓಡಿದೆವು. ಮೂತಿ ಇತ್ತು, ಬಾಲ ಇತ್ತು. ನಡು ಇರಲಿಲ್ಲ.

"ಅಪ್ಪಾ, ನಡುವಿನ ಪೈಪೆಲ್ಲಿ?"

ಕಾಕಾ ಶೇಂಗಾ ಹೊಲದ ಕಡೆ ಕೈ ತೋರಿಸಿದರು. ಸಾಲಿನುದ್ದಕ್ಕೂ ನೀರು ಚಿಮ್ಮುತ್ತಿತ್ತು.

"ಸಾಲಿಗೆ ಒಂದು ತುಂಡು ಕಮ್ಮಿ ಬಿದ್ದಿತ್ತವ್ವಾ. ಪಕ್ಕಾ ಕೂಡ್ತು ನೋಡು! ರಿಂಗ್ ಮತ್ತ ಸೀದಾ ಹಾಕೀನಿ, ಒಂದ ಹನಿ ಸೋರಂಗಿಲ್ಲ."

"ಮೊದಲ ಮೋಟರ್ ಬಂದ್ ಮಾಡ್ರಿ!" ಎಂದು ನಾನು ಕೂಗುವಷ್ಟರಲ್ಲಿ ಅಕ್ಕ ಸಾಲಿನೊಳಗೆ ನುಗ್ಗಿ ಕೊಕ್ಕೆಗೆ ಕೈ ಹಾಕಿಯಾಗಿತ್ತು.